ಕಣ್ಣು ಮಿಟುಕಿಸದ ಪುಟ

ಅವನು ನನ್ನ ಫೋಟೋವನ್ನು ನಲವತ್ತು ಸಲ ನೋಡಿದ. ಸುಳ್ಳಲ್ಲ, ನಾನು ಎಣಿಸಿದ್ದೇನೆ.

ಜಾವಾದ ಸೋಲೋ ಊರಿನ ಲಾವೆಯಾನ್ ಓಣಿಯಲ್ಲಿ ನಮ್ಮದು ಬಾಟಿಕ್ ಮನೆ. ಹಿಂದಿನ ಅಂಗಳದಲ್ಲಿ ಹೆಂಗಸರು ಕರಗಿದ ಮೇಣದಿಂದ ಬಟ್ಟೆಯ ಮೇಲೆ ಚಿತ್ತಾರ ಬರೆಯುತ್ತಾರೆ, ಮುಂದಿನ ಕೋಣೆಯಲ್ಲಿ ನಾನು ಮಾರುತ್ತೇನೆ. ಅವನು ಮೇಣದ ಹೊಗೆ ತಾಗದ ಮೂಲೆ ಹುಡುಕಿ ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಪರದೆಯ ಮೇಲೆ ನಮ್ಮ ಅಂಗಡಿಯ ವೆಬ್‌ಸೈಟ್. ಅದರ ಮೊದಲ ಚಿತ್ರದಲ್ಲಿ ಇರುವವಳು ನಾನೇ. ಹೊರಗಿನ ಹುಡುಗಿಯರಿಗೆ ನಮ್ಮ ಬಟ್ಟೆ ಸರಿಯಾಗಿ ಸುತ್ತಿಕೊಳ್ಳಲು ಬರುವುದಿಲ್ಲವೆಂದು ಇಬು, ಅಂದರೆ ನನ್ನಮ್ಮ, ನನ್ನನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು.

ಅವನು ಒಂದು ಕೀ ಒತ್ತುತ್ತಿದ್ದ. ಪುಟ ಬೆಳ್ಳಗಾಗುತ್ತಿತ್ತು, ಆಮೇಲೆ ನಾನು ಬರುತ್ತಿದ್ದೆ. ಅವನು ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಮತ್ತೆ ಒತ್ತುತ್ತಿದ್ದ.

ಮೂವತ್ತರವರೆಗೆ ಸಹಿಸಿದೆ. ನಲವತ್ತಕ್ಕೆ ಎದ್ದು ಹೋಗಿ ಅವನ ಮುಂದೆ ನಿಂತೆ.

"ಮಾಸ್, ಇನ್ನೂ ಎಷ್ಟು ಸಲ ನೋಡ್ಬೇಕು ನನ್ನ ಮುಖಾನ?"

ಹರೆಯದ ಗಂಡಸಿಗೆ ನಮ್ಮಲ್ಲಿ ಮರ್ಯಾದೆಗೆ ಮಾಸ್ ಎನ್ನುತ್ತೇವೆ, ಹೆಣ್ಣಿಗೆ ಮ್ಬಾಕ್. ಅವನು ತಲೆ ಎತ್ತಿದ. ಸಿಕ್ಕಿಬಿದ್ದವನ ಮುಖವಲ್ಲ ಅದು. ನಿಜವಾಗಿಯೂ ಪ್ರಶ್ನೆ ಅರ್ಥವಾಗದವನ ಮುಖ.

"ನಾನು ನಿಮ್ಮನ್ನ ನೋಡ್ತಿಲ್ಲ ಮ್ಬಾಕ್. ನೀವು ಬರೋಕೆ ಮುಂಚೆ ಒಂದು ಗಳಿಗೆ ಬೆಳ್ಳಗಾಗುತ್ತಲ್ಲ, ಅದನ್ನ ನೋಡ್ತಿದೀನಿ."

ಹಿಂದೆ ಮೇಣ ಬರೆಯುತ್ತಿದ್ದ ಹೆಂಗಸರು ಕಿಸಕ್ಕೆಂದರು. ನನಗೆ ಇಪ್ಪತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ನನ್ನ ಮುಖ ಬಿಟ್ಟು, ಅದಕ್ಕೆ ಮುಂಚಿನ ಖಾಲಿ ಜಾಗವನ್ನು ಅಷ್ಟು ಆಸೆಯಿಂದ ನೋಡಿದ ಗಂಡಸು ಇವನೊಬ್ಬನೇ. ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಅವನ ಹೆಸರು ಕೇಳಬೇಕೆನ್ನಿಸಿತು.

ಜಾತ್ಮಿಕೊ. ನನ್ನದು ವೆನಿಂಗ್ ಎಂದೆ. ಅವನ ಊರು ವೊನೊಗಿರಿ. ನಮ್ಮ ಓಣಿಯ ಕೊನೆಯಲ್ಲಿ ಬಾಡಿಗೆ ಕೋಣೆ. ಮೂರು ವರ್ಷದಿಂದ ವೆಬ್‌ಸೈಟ್ ರಿಪೇರಿಯೇ ಕಸುಬು.

ಸೈಟ್ ರಿಪೇರಿಯವರಿದ್ದರೆ ಕಳಿಸಿ ಎಂದು ನಾನೇ ಓಣಿಯಲ್ಲಿ ಹೇಳಿದ್ದೆ, ಬಂದವನು ಇವನು. ಸೈಟ್ ಮಾಡಿಕೊಟ್ಟಿದ್ದು ನನ್ನ ಚಿಕ್ಕಮ್ಮನ ಮಗಳು. ಅವಳು ಮದುವೆಯಾಗಿ ಕಾಲಿಮಂತಾನ್‌ಗೆ ಹೋದವಳು ಅದರ ಗೊಡವೆಯನ್ನೇ ಬಿಟ್ಟಿದ್ದಳು. ಪುಟ ರೀಲೋಡ್ ಮಾಡಿದಾಗಲೆಲ್ಲ ಚಿತ್ರಗಳು ಮಾಯವಾಗಿ, ಬೆಳ್ಳಗಾಗಿ, ಒಂದೊಂದಾಗಿ ಮರಳಿ ಬರುತ್ತಿದ್ದವು. ಗಿರಾಕಿ ಹೆಂಗಸರು ಫೋನ್ ಮಾಡಿ, "ನಿಮ್ಮ ಅಂಗಡಿ ಯಾಕೆ ಹಾಗೆ ಕಣ್ಣು ಹೊಡೆಯುತ್ತೆ?" ಎಂದು ನಗುತ್ತಿದ್ದರು. ತಿಂಗಳುಗಟ್ಟಲೆ ಕೂತು ಬರೆದ ಬಟ್ಟೆ ಹಾಗೆ ಮಿಣ ಮಿಣ ಅನ್ನುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು.

"ಏನು ಕಾಯಿಲೆ ಅದಕ್ಕೆ?" ಎಂದು ಕೇಳಿದೆ.

"ಕಾಯಿಲೆ ಏನಿಲ್ಲ, ಮರೆವು. ಪುಟ ತೆರೆದಾಗಲೆಲ್ಲ ನಿಮ್ಮ ಸರ್ವರ್ ಬ್ರೌಸರ್‌ಗೆ ಹೇಳುತ್ತೆ, ಈ ಚಿತ್ರ ಇಟ್ಕೋಬೇಡ, ನೋಡಿ ಬಿಸಾಕು ಅಂತ. ಬಡಪಾಯಿ ಹಾಗೇ ಮಾಡುತ್ತೆ. ಮುಂದಿನ ಸಲ ಮತ್ತೆ ಮೊದಲಿಂದ ತರ್ಬೇಕು. ತರೋವರೆಗೆ ಜಾಗ ಖಾಲಿ. ನೀವು ಟೀ ಮಾಡಿದಾಗಲೆಲ್ಲ ಸಕ್ಕರೆ ಡಬ್ಬ ಬೀದಿಗೆಸೆದು, ಮತ್ತೆ ಅಂಗಡಿಗೆ ಓಡ್ತೀರಾ?"

"ನಮ್ಮನೇಲಿ ಟೀ ನಾನು ಮಾಡಲ್ಲ."

"ಮತ್ತೆ ಇದನ್ನ ಕುಡಿಯೋ ಹಾಗೆ ಮಾಡಿದ್ದು ಯಾರು?" ಎಂದು ಲೋಟ ಎತ್ತಿ ತೋರಿಸಿದ.

ಆ ಟೀ ಮಾಡಿದ್ದು ನಾನೇ. ಸಕ್ಕರೆ ಡಬ್ಬ ಮುಚ್ಚುವ ನೆಪದಲ್ಲಿ ಒಳಗೆ ಹೋದೆ. ಕಿವಿ ಮಾತ್ರ ಬಿಸಿಯಾಗಿತ್ತು.

ಮೂರು ವಾರ ಬಂದ. ಎರಡು ದಿನದ ಕೆಲಸಕ್ಕೆ ಮೂರು ವಾರ ಏಕೆ ಎಂದು ಇಬು ಕೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ, ಅವನು ಕೆಲಸ ಮಾಡುವುದನ್ನು ನೋಡುವವರೆಗೆ. ಚಿತ್ರ ಬೇಗ ಬರಬೇಕಾದರೆ ಅದರ ತೂಕ, ಅಂದರೆ ಫೈಲಿನ ಗಾತ್ರ, ಇಳಿಸಬೇಕಂತೆ. ತೂಕ ಇಳಿಸಿದರೆ ನಮ್ಮ ಕಂದು ಬಣ್ಣ ಸತ್ತುಹೋಗುತ್ತದೆ. ಮರದ ತೊಗಟೆಯಿಂದ ತೆಗೆದ ಆ ಕಂದು ನಮ್ಮ ಮನೆಯ ಮರ್ಯಾದೆ. ಅವನು ಪ್ರತಿಯೊಂದು ಬಟ್ಟೆಯನ್ನೂ ಅಂಗಳದ ಬಿಸಿಲಿಗೆ ತಂದು, ಲ್ಯಾಪ್‌ಟಾಪನ್ನು ಪಕ್ಕದಲ್ಲಿ ಹಿಡಿದು, ಎರಡನ್ನೂ ನೋಡಿ, ತಲೆಯಾಡಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಯಾರೂ ನೋಡದ ಅಂಚಿನ ಎಲೆಗೂ ಅಷ್ಟೇ ಶ್ರದ್ಧೆ. ಇಬು ಒಂದು ದಿನ ಕಂಬಕ್ಕೆ ಒರಗಿ ಅದನ್ನು ಬಹಳ ಹೊತ್ತು ನೋಡಿದರು. ಮೂರು ವಾರದ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ನಾನೂ ನೋಡುತ್ತಿದ್ದೆ. ಬಟ್ಟೆ ಮುಟ್ಟುವ ಮುಂಚೆ ಅವನು ಕೈ ತೊಳೆದು ಅಂಗಿಗೆ ಒರಸಿಕೊಳ್ಳುತ್ತಿದ್ದ. ಹೇಳಿಕೊಟ್ಟವರು ಯಾರೂ ಇಲ್ಲ. ಅಂಥವನನ್ನು ಮೆಚ್ಚದೆ ಇರುವುದು ನನ್ನ ಕೈಲಾಗಲಿಲ್ಲ.

ಕೊನೆಗೊಂದು ಬೆಳಿಗ್ಗೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

"ಒತ್ತಿ."

ಒತ್ತಿದೆ. ಮತ್ತೆ ಒತ್ತಿದೆ. ಪರದೆಯ ಮೇಲೆ ನಾನು ಕದಲದೆ ನಿಂತಿದ್ದೆ.

"ಏನೂ ಆಗ್ಲಿಲ್ಲ ಮಾಸ್."

"ಅದೇ ಮ್ಬಾಕ್. ಏನೂ ಆಗ್ಬಾರ್ದು."

ಅವನು ನಕ್ಕ. ಮೂರು ವಾರ ಬೆನ್ನು ಬಗ್ಗಿಸಿ ದುಡಿದು, ಕೊನೆಗೆ ಏನೂ ಆಗದ್ದನ್ನು ತೋರಿಸಿ ಮಗುವಿನಂತೆ ನಗುವವನನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಎದೆಯಲ್ಲಿ ಮಾತ್ರ ಅಂದು ಏನೋ ಆಯಿತು. ಅದಕ್ಕೆ ಹೆಸರಿಡುವ ಧೈರ್ಯ ನನಗೆ ಬರಲಿಲ್ಲ.

ಆಗಲೇ ಅವನು ಮುಖ್ಯವಾದ ಮಾತು ಹೇಳಿದ್ದು. "ಇನ್ಮೇಲೆ ಒಂದ್ಸಲ ನೋಡಿದ ಚಿತ್ರಾನ ಫೋನು ಒಂದು ವರ್ಷ ತನ್ನ ಹತ್ರಾನೇ ಇಟ್ಕೊಳ್ಳುತ್ತೆ. ನಮ್ಮನ್ನ ಕೇಳೋಕೇ ಬರಲ್ಲ. ಆದ್ರಿಂದ ಚಿತ್ರ ಬದಲಾಯಿಸಿದ್ರೆ ಅದರ ಫೈಲಿನ ಹೆಸರೂ ಬದಲಾಯಿಸ್ಬೇಕು. ಹಳೇ ಹೆಸರಲ್ಲಿ ಹೊಸ ಚಿತ್ರ ಹಾಕಿದ್ರೆ, ಮುಂಚೆ ನೋಡಿದವ್ರಿಗೆ ಹಳೇದೇ ಕಾಣುತ್ತೆ. ನೆನಪಿರುತ್ತಲ್ಲ?"

ತಲೆಯಾಡಿಸಿದೆ. ಆಗ ನಾನು ನೋಡುತ್ತಿದ್ದುದು ಅವನ ರೆಪ್ಪೆಗಳನ್ನು. ಗಂಡಸಿಗೆ ಅಷ್ಟುದ್ದ ರೆಪ್ಪೆ ದೇವರು ಯಾಕಾದರೂ ಕೊಡುತ್ತಾನೋ. ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಅದೇ ಸಂಜೆ ನಲವತ್ತು ಹೊಸ ಚಿತ್ರಗಳನ್ನು ನಾನೇ ಏರಿಸಿದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಮದುವೆಯ ಬಟ್ಟೆಗಳ ಪುಟದಲ್ಲಿ ಸಿದೋಮುಕ್ತಿ ಇರಬೇಕಾದ ಕಡೆ ಪಾರಾಂಗ್ ಕೂತಿದೆ. ನಮ್ಮಲ್ಲಿ ಮದುಮಕ್ಕಳಿಗೆ ಸಿದೋಮುಕ್ತಿಯೇ ಆಗಬೇಕು, ಬಾಳು ನೆಮ್ಮದಿಯಾಗಲಿ ಎಂದು ಹರಸುವ ಚಿತ್ತಾರ ಅದು. ಕತ್ತಿಯಲುಗಿನ ಗೆರೆಗಳ ಪಾರಾಂಗ್ ಉಟ್ಟು ಹಸೆಗೆ ಕೂತರೆ ಗಂಡ ಹೆಂಡಿರು ಜೀವಮಾನವಿಡೀ ಜಗಳವಾಡುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ಬಾಟಿಕ್ ಮನೆಯ ಮಗಳು ಮಾಡಬಾರದ ತಪ್ಪು.

ಗಡಿಬಿಡಿಯಲ್ಲಿ ಸರಿಯಾದ ಚಿತ್ರ ಹುಡುಕಿ ಏರಿಸಿದೆ. ಹೆಸರಿನ ಬಗ್ಗೆ ಅವನು ಏನೋ ಹೇಳಿದ್ದು ಅರೆಬರೆ ನೆನಪಾಯಿತು, ಆದರೆ ಮನೆಯ ರೂಢಿ ಅಡ್ಡ ಬಂತು. ನೂರು ಸಲ ಹೊಸದಾಗಿ ಬರೆದರೂ ಸಿದೋಮುಕ್ತಿಗೆ ಸಿದೋಮುಕ್ತಿ ಎಂದೇ ಹೆಸರು. ಅಜ್ಜಿಯ ಕಾಲದಿಂದ ಹಾಗೆಯೇ. "ಸಿದೋಮುಕ್ತಿ ಎರಡು" ಎಂದು ಬರೆದು ನೋಡಿದೆ. ಮದುವೆ ಬಟ್ಟೆಗೆ ಎರಡನೇ ಹೆಂಡತಿಯ ಹೆಸರಿಟ್ಟಂತೆ ಕಂಡು ಅಳಿಸಿದೆ. ಹಳೆಯ ಹೆಸರಲ್ಲೇ ಹಾಕಿದೆ. ಆ ಪುಟವನ್ನು ಎಂದೂ ತೆರೆಯದ ಇಬುವಿನ ಫೋನಿನಲ್ಲಿ ನೋಡಿದೆ, ಸರಿಯಾಗಿಯೇ ಕಂಡಿತು. ನಿಟ್ಟುಸಿರು ಬಿಟ್ಟೆ.

ಐದು ದಿನದ ಮೇಲೆ ಬು ಹಾರ್ಸಿನಿ ಅಂಗಡಿಗೆ ಬಂದರು. ಪಕ್ಕದ ಓಣಿಯವರು, ಹಿರಿಯ ಹೆಂಗಸರಿಗೆ ನಾವು ಬು ಎನ್ನುತ್ತೇವೆ. ಮಗಳ ಮದುವೆ ಹತ್ತಿರವಿತ್ತು. ಅಂಗಡಿಯಲ್ಲಿ ಏಳೆಂಟು ಹೆಂಗಸರು, ಗಲ್ಲಾಪೆಟ್ಟಿಗೆಯ ಮುಂದೆ ಇಬು. ಜಾತ್ಮಿಕೊ ಕೂಡ ಇದ್ದ, ಉಳಿದ ಯಾವುದೋ ಚಿಲ್ಲರೆ ಕೆಲಸದ ನೆಪದಲ್ಲಿ.

"ಏನಿದು?" ಬು ಹಾರ್ಸಿನಿ ಫೋನನ್ನು ಇಬುವಿನ ಮುಂದೆ ಹಿಡಿದರು. "ಸಿದೋಮುಕ್ತಿ ಅಂತ ಬರೆದು ಪಾರಾಂಗ್ ತೋರಿಸ್ತೀರಿ. ನನ್ನ ಮಗಳು ಮೊದಲ ದಿನದಿಂದಲೇ ಗಂಡನ ಜೊತೆ ಕಿತ್ತಾಡ್ಲಿ ಅಂತಲಾ? ಐದಾರು ದಿನದಿಂದ ಹತ್ತು ಸಲ ನೋಡ್ದೆ, ತಪ್ಪಾಗಿದ್ರೆ ತಿದ್ತಾರೆ ಅಂತ. ಇಲ್ಲ, ಹಾಗೇ ಇದೆ."

ಇಬು ನನ್ನ ಕಡೆ ನೋಡಿದರು. ಅಂಗಡಿಯ ಕೀಲಿ ನನ್ನ ಸೊಂಟಕ್ಕೆ ಬಂದು ಆಗ ಮೂರು ತಿಂಗಳು. ಅದಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ. ಒಂದು ತಪ್ಪು, ಕೀಲಿ ವಾಪಸ್ಸು ಎಂದು ಕೊಡುವಾಗಲೇ ಹೇಳಿದ್ದರು. ಆಗ ನನಗೆ ಎಲ್ಲ ಒಟ್ಟಿಗೆ ನೆನಪಾಯಿತು, ಹೆಸರು, ಒಂದು ವರ್ಷ, ಆ ರೆಪ್ಪೆಗಳು. ಸೊಂಟದ ಕೀಲಿಯ ಮೇಲೆ ಕೈ ಇಟ್ಟುಕೊಂಡೆ.

"ತಪ್ಪು ನಂದು ಬು," ಎಂದ ಜಾತ್ಮಿಕೊ ಎದ್ದು ನಿಂತು. "ಚಿತ್ರ ಇಟ್ಕೊಳ್ಳೋ ಹಾಗೆ ಮಾಡಿದ್ದು ನಾನು. ಮ್ಬಾಕ್ ವೆನಿಂಗ್ ಸರಿಯಾದ್ದನ್ನೇ ಹಾಕಿದಾರೆ."

ಇಬುವಿನ ದನಿ ಏರಲಿಲ್ಲ, ಅದು ಎಂದೂ ಏರುವುದಿಲ್ಲ. "ನಲವತ್ತು ವರ್ಷದಲ್ಲಿ ಈ ಮನೆಯಿಂದ ಮದುಮಗಳಿಗೆ ಪಾರಾಂಗ್ ಹೋಗಿಲ್ಲ. ನಾಳೆಯಿಂದ ಬರ್ಬೇಡಪ್ಪ."

ಅವನು ಲ್ಯಾಪ್‌ಟಾಪ್ ಮುಚ್ಚಿ, ಎಲ್ಲರಿಗೂ ಬಾಗಿ ಹೊರಟ. ನಾನು ಕಂಬದಂತೆ ನಿಂತಿದ್ದೆ. ತಪ್ಪು ಮಾಡಿದವಳು ನಾನು, ತಲೆದಂಡ ಅವನದು.

ನಮ್ಮ ಓಣಿಯಲ್ಲಿ ಮಾತಿಗೆ ಕಾಲಿಲ್ಲ, ರೆಕ್ಕೆ ಇದೆ. ಓಣಿಯ ಇನ್ನೊಂದು ಬಾಟಿಕ್ ಮನೆಯ ಬು ತೆಂತ್ರೆಮ್ ತಮ್ಮ ಸೈಟ್ ಕೆಲಸವನ್ನು ಅವನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಮರುದಿನವೇ ಬೇಡವೆಂದರು. ಅವರನ್ನು ನೋಡಿ ಇನ್ನೆರಡು ಮನೆಯವರೂ ಬೇಡವೆಂದರು. ಬಾಟಿಕ್ ಗೊತ್ತಿಲ್ಲದ ಹುಡುಗ, ಮದುವೆ ಬಟ್ಟೆಗೆ ಅಪಶಕುನ ತಂದವನು ಎಂಬ ಹೆಸರು ಅಂಟಿಕೊಂಡಿತು. ಕಂದು ಬಣ್ಣಕ್ಕಾಗಿ ಬಿಸಿಲಲ್ಲಿ ನಿಂತವನಿಗೆ ಸಿಕ್ಕ ಹೆಸರು ಅದು.

ಒಂದು ವಾರದ ಮೇಲೆ, ಸಂಜೆ ಐದರ ಹೊತ್ತಿಗೆ, ಓಣಿಯ ತುದಿಯ ಗಾಡಿ ಅಂಗಡಿಯಲ್ಲಿ ಶುಂಠಿ ಟೀ ಕುಡಿಯುತ್ತಿದ್ದವನ ಪಕ್ಕದ ಬೆಂಚಿನ ಮೇಲೆ ಹೋಗಿ ಕೂತೆ.

"ಯಾಕೆ ಹಾಗೆ ಹೇಳಿದ್ರಿ?"

"ಟೀ ಕುಡೀತೀರಾ?"

"ಮಾಸ್, ಕೇಳಿದ್ದಕ್ಕೆ ಉತ್ತರ ಕೊಡಿ."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ. "ನಿಮ್ಮ ಮುಖ ಬೆಳ್ಳಗಾಗಿಹೋಗಿತ್ತು. ನಂಗೆ ನೋಡೋಕಾಗ್ಲಿಲ್ಲ. ಅಷ್ಟೇ."

"ಅದು ನನ್ನ ತಪ್ಪು. ನೀವು ಹೇಳಿದ್ರಿ, ನಾನು ಕೇಳಿಸ್ಕೊಳ್ಲಿಲ್ಲ."

"ನಂದೂ ಇದೆ. ಹೆಸರು ತಾನಾಗೇ ಬದಲಾಗೋ ಹಾಗೆ ಮೊದಲೇ ಮಾಡಿಡ್ಬೇಕಿತ್ತು. ಒಳ್ಳೇ ಕೆಲಸ ಅಂದ್ರೆ ನೆನಪಿಟ್ಕೊಳ್ಳಿ ಅಂತ ಇನ್ನೊಬ್ರಿಗೆ ಹೇಳೋದಲ್ಲ." ತಪ್ಪನ್ನು ನನ್ನ ತಲೆಯಿಂದ ಇಳಿಸಲು ಹೇಳಿದ ಮಾತಲ್ಲ ಅದು. ಕಸುಬಿನವನು ತನ್ನ ಕಸುಬಿನ ಬಗ್ಗೆ ಹೇಳಿದ ಮಾತು. "ಇರ್ಲಿ ಬಿಡಿ. ಸೆಮಾರಾಂಗ್‌ನಲ್ಲಿ ಒಂದು ಆಫೀಸಿನವ್ರು ಕರೆದಿದಾರೆ. ಸೋಮವಾರ ಹೊರಡ್ತೀನಿ."

"ಹೋಗ್ಲೇಬೇಕಾ?"

"ಇಲ್ಲಿ ಇದ್ದು ಯಾರ ಮನೆ ಕೆಲಸ ಮಾಡ್ಲಿ ಹೇಳಿ?"

ಅವನು ನನಗೂ ಒಂದು ಟೀ ಹೇಳಿದ. ಅದನ್ನು ಮುಟ್ಟದೆ ಎದ್ದು ಬಂದೆ.

ಶನಿವಾರ ಬು ಹಾರ್ಸಿನಿಯ ಮನೆಯಲ್ಲಿ ಮದುವೆಯ ಅಡುಗೆಗೆ ಕೈಜೋಡಿಸಲು ಸುತ್ತಲ ಓಣಿಗಳ ಹೆಂಗಸರೆಲ್ಲ ಸೇರಿದ್ದರು. ನಮ್ಮಲ್ಲಿ ಮದುವೆ ಮನೆಗೆ ಕರೆ ಬೇಕಾಗಿಲ್ಲ, ಚಾಕು ಹಿಡಿದು ಹೋಗುವುದೇ ಪದ್ಧತಿ. ಈರುಳ್ಳಿ ಬುಟ್ಟಿಗಳ ಸುತ್ತ ಮೂವತ್ತು ಜನ, ನಡುವೆ ಇಬು. ಗಂಡಸರು ಅಂಗಳದಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ಬಾಡಿಗೆಗಿದ್ದವನೂ ನೆರೆಯವನೇ ತಾನೆ, ಜಾತ್ಮಿಕೊ ಏಣಿ ಹತ್ತಿ ಹಗ್ಗ ಬಿಗಿಯುತ್ತಿದ್ದ. ಅಷ್ಟೆಲ್ಲ ಅನ್ನಿಸಿಕೊಂಡ ಮೇಲೂ ಬಂದಿದ್ದ.

ಬು ತೆಂತ್ರೆಮ್ ಅವನತ್ತ ಗದ್ದ ಎತ್ತಿ ತೋರಿಸಿದರು. "ಕಂಪ್ಯೂಟರ್ ಹುಡುಗ ಗಂಟಾದ್ರೂ ನೆಟ್ಟಗೆ ಹಾಕ್ತಾನೋ ನೋಡ್ರೇ. ಇಲ್ದಿದ್ರೆ ನಾಳೆ ಶಾಮಿಯಾನ ಮದುಮಗಳ ತಲೆ ಮೇಲೆ."

ಎಲ್ಲರೂ ನಕ್ಕರು. ಏಣಿಯ ಮೇಲೆ ಅವನ ಕೈ ಒಂದು ಕ್ಷಣ ನಿಂತು ಮತ್ತೆ ಹಗ್ಗ ಎಳೆಯಿತು. ನಾನು ಚಾಕು ಕೆಳಗಿಟ್ಟು ಎದ್ದೆ.

"ಆ ತಪ್ಪು ನಂದು."

"ಯಾವ್ದೇ?" ಎಂದರು ಬು ಹಾರ್ಸಿನಿ.

"ಪಾರಾಂಗ್ ಹಾಕಿದ್ದು ನಾನು. ತಿದ್ದುವಾಗ ಹೆಸರು ಬದಲಾಯಿಸದೆ ಇದ್ದಿದ್ದೂ ನಾನೇ. ಬದಲಾಯಿಸ್ಬೇಕು ಅಂತ ಮಾಸ್ ಜಾತ್ಮಿಕೊ ಬಿಡಿಸಿ ಹೇಳಿದ್ರು. ನಾನು ಗಮನ ಕೊಡ್ಲಿಲ್ಲ. ಅವತ್ತು ಅಂಗಡೀಲಿ ಅವ್ರು ನನ್ನ ಮರ್ಯಾದೆ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ನೆ ನಿಂತಿದ್ದೆ."

ಮೂವತ್ತು ಚಾಕುಗಳು ನಿಂತವು. ಇಬುವಿನದೂ ನಿಂತಿತು.

"ಅವತ್ತು ಬಾಯಿಗೆ ಏನಾಗಿತ್ತು?" ಎಂದರು ಬು ತೆಂತ್ರೆಮ್.

"ಹೆದರಿಕೆ, ಬು."

"ಇವತ್ತು ಹೆದರಿಕೆ ಇಲ್ವಾ?"

"ಇದೆ. ಆದ್ರೆ ಸೋಮವಾರ ಅವ್ರು ಸೆಮಾರಾಂಗ್‌ಗೆ ಹೋಗ್ಬಿಡ್ತಾರೆ. ಅದಕ್ಕಿಂತ ದೊಡ್ಡ ಹೆದರಿಕೆ ನಂಗೆ ಯಾವ್ದೂ ಇಲ್ಲ."

ಹೇಳಿದ ಮೇಲೇ ನಾನು ಏನು ಹೇಳಿದೆ ಎಂದು ನನಗೆ ಕೇಳಿಸಿದ್ದು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಬರುವುದೂ ಬೇಡವಾಗಿತ್ತು. ಏಣಿಯ ಕಡೆ ನೋಡುವ ಧೈರ್ಯವಿಲ್ಲದೆ ಸೊಂಟದ ಕೀಲಿಗೊಂಚಲು ಬಿಚ್ಚಿ ಇಬುವಿನ ಮುಂದಿನ ಬುಟ್ಟಿಯಲ್ಲಿಟ್ಟೆ.

ಇಬು ಅದನ್ನು ನೋಡಿದರು.

"ಕೀಲೀನ ಈರುಳ್ಳಿ ಮೇಲೆ ಇಡ್ಬೇಡ. ವಾಸನೆ ಹಿಡಿಯುತ್ತೆ," ಎಂದು ಎತ್ತಿ ನನ್ನ ಕೈಗೇ ಕೊಟ್ಟರು. "ತಪ್ಪು ಮಾಡೋರಿಗೆ ಕೀಲಿ ಕೊಡಲ್ಲ ಅಂದಿದ್ದೆ. ಅದನ್ನ ಹತ್ತು ಜನರ ಮುಂದೆ ಒಪ್ಕೊಳ್ಳೋರ ಬಗ್ಗೆ ಏನೂ ಹೇಳಿರ್ಲಿಲ್ಲ." ಆಮೇಲೆ ತಲೆ ಎತ್ತದೆಯೇ ಕರೆದರು. "ಜಾತ್ಮಿಕೊ, ಕೆಳಗಿಳಿ."

ಅವನು ಇಳಿದು ಬಂದು ನಿಂತ. ಕೈಯಲ್ಲಿ ಇನ್ನೂ ಹಗ್ಗದ ತುಂಡಿತ್ತು.

"ಆವತ್ತು ನಿನ್ನನ್ನ ವಿಚಾರಿಸದೆ ಕಳಿಸ್ಬಿಟ್ಟೆ. ನನ್ನದು ತಪ್ಪಾಯ್ತು," ಎಂದರು ಇಬು. ನನ್ನಮ್ಮ ಯಾರ ಹತ್ತಿರವೂ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. "ನಿಂಗೆ ದೊಡ್ಡೋರು ಯಾರಿದಾರೆ?"

"ವೊನೊಗಿರಿಯಲ್ಲಿ ಅಮ್ಮ ಇದಾರೆ ಬು. ದೊಡ್ಡಪ್ಪ ಇದಾರೆ."

"ಮತ್ತೆ ಅವ್ರು ಇನ್ನೂ ವೊನೊಗಿರಿಯಲ್ಲೇ ಯಾಕೆ ಕೂತಿದಾರೆ?"

ಹೆಂಗಸರು ಗೊಳ್ಳೆಂದರು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕತ್ತಿನವರೆಗೂ ಕೆಂಪಾದ.

"ನಾಳಿದ್ದೇ ಕರ್ಕೊಂಡು ಬರ್ತೀನಿ ಬು. ಬೈಕ್ ಇದೆ."

"ಇಬ್ರನ್ನೂ ಒಂದೇ ಬೈಕಲ್ಲಾ?" ಬು ತೆಂತ್ರೆಮ್ ಬಿಡುವವರಲ್ಲ.

"ಎರಡು ಸಲ ಹೋಗ್ತೀನಿ."

"ಸೆಮಾರಾಂಗ್?"

"ಹೋಗಲ್ಲ."

"ಹಾಗಾದ್ರೆ ನಮ್ಮನೆ ಸೈಟು ನೀನೇ ನೋಡ್ಕೋ. ಅದೂ ಕಣ್ಣು ಹೊಡೆಯುತ್ತೆ," ಎಂದು ಅವರು ಮತ್ತೆ ಈರುಳ್ಳಿ ಹಿಡಿದರು.

ನನ್ನ ಹಳೆಯ ನಾಲಿಗೆ ಆಗ ಮರಳಿ ಬಂತು. "ಎಲ್ರೂ ಎಲ್ಲಾ ತೀರ್ಮಾನ ಮಾಡ್ಬಿಟ್ರಿ. ನನ್ನನ್ನ ಯಾರೂ ಕೇಳ್ಲೇ ಇಲ್ಲ."

ಅವನು ನನ್ನ ಕಡೆ ತಿರುಗಿದ. ಮೂವತ್ತು ಜೋಡಿ ಕಣ್ಣು ತನ್ನ ಮೇಲಿರುವುದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಮ್ಬಾಕ್ ಎನ್ನಲಿಲ್ಲ, ನೀವು ಎನ್ನಲಿಲ್ಲ.

"ವೆನಿಂಗ್, ನನ್ನ ಜೊತೆ ಇರ್ತೀಯಾ?"

ಹೆಂಗಸರು ಕಾದರು, ಇಬು ಕಾದರು, ಏಣಿಯ ಹತ್ತಿರ ನಿಂತಿದ್ದ ಗಂಡಸರೂ ಕಾದರು. ಕೊನೆಗೆ ನಾನು "ಇರ್ತೀನಿ" ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.